ಹಲಗೆಯ ಮೇಲೆ ಮಾಡಿಟ್ಟ ಜಾಗ

ನಮ್ಮ ಅಕ್ಕನಿಗೆ ಸೊಕ್ಕು ಎಂದು ಹೇಳದ ಬಾಯಿ ನಮ್ಮ ಬೀದಿಯಲ್ಲಿ ಇರಲಿಲ್ಲ. ಅದರಲ್ಲಿ ನನ್ನ ಬಾಯಿಯೇ ಮುಂದು. ನೂರು ಮೀಟರ್ ಓಟದಲ್ಲಿ ಅವಳನ್ನು ಹಿಂದೆ ಹಾಕಿದವರಿರಲಿಲ್ಲ, ಸರಿ. ಆದರೆ ಪಂದ್ಯದ ದಿನ ಹಲ್ಲುಜ್ಜುವ ಮೊದಲೇ ಟಿ.ವಿ. ಮೇಲಿನ ಹಲಗೆ ಒರೆಸಿ, ಹಳೆಯ ಕಪ್‌ಗಳನ್ನೆಲ್ಲ ಒತ್ತಟ್ಟಿಗೆ ಸರಿಸಿ, ಇನ್ನೂ ಗೆಲ್ಲದ ಕಪ್‌ಗೆ ಜಾಗ ಮಾಡಿಡುವವಳನ್ನು ಏನೆಂದು ಕರೆಯಬೇಕು? ಅದೇ ಪಂದ್ಯದಲ್ಲಿ ಅವಳ ಪಕ್ಕದ ಲೇನಿನಲ್ಲಿ ನಾನೂ ಓಡುವವಳು. ಪ್ರತಿ ವರ್ಷ ಎರಡನೆಯವಳು. ಆ ಖಾಲಿ ಜಾಗ ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

"ಸೋತರೆ ಅಲ್ಲಿ ಏನಿಡ್ತೀಯ?" ಎಂದು ಒಮ್ಮೆ ಕೇಳಿದ್ದೆ.

"ಸೋಲೋ ಯೋಚನೆ ನಿನಗಿರಲಿ. ನನಗೆ ಬೇರೆ ಕೆಲಸ ಇದೆ," ಎಂದು ಶೂ ಲೇಸ್ ಬಿಗಿದುಕೊಂಡಳು.

ಇಬ್ಬರೂ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸಕ್ಕಿದ್ದೆವು. ಒಗೆಯುವ ಯಂತ್ರಗಳ ನಡುವೆಯೂ ಅವಳದು ಅದೇ ಗತ್ತು. ಒದ್ದೆ ಬಟ್ಟೆಯ ಗಾಡಿ ತಳ್ಳಿಕೊಂಡು ಬಂದರೆ ಎದುರಿದ್ದವರೇ ದಾರಿ ಬಿಡಬೇಕು. ದಿನವಿಡೀ ನಿಂತು ಕಾಲು ಊದಿಕೊಂಡಿದ್ದರೂ ಸಂಜೆ ಮೈದಾನಕ್ಕೆ ಹೊರಡುವವಳು. ನಾನು ಕುಂಟುನೆಪ ತೆಗೆದರೆ ಕಿವಿ ಹಿಂಡಿ ಎಳೆದೊಯ್ಯುವವಳು. "ನೀನು ಪಕ್ಕದಲ್ಲಿ ಓಡದಿದ್ರೆ ನನ್ನ ಕಾಲು ತುಕ್ಕು ಹಿಡಿಯುತ್ತೆ," ಎನ್ನುತ್ತಿದ್ದಳು. ಅದನ್ನೂ ನಾನು ಬೈಗುಳವೆಂದೇ ತಿಳಿದಿದ್ದೆ.

ಹೋದ ವರ್ಷ ನಾನು ಗೆದ್ದೆ. ಕೂದಲೆಳೆಯ ಅಂತರ, ಆದರೂ ಗೆಲುವೇ. ಅಕ್ಕ ಕೈ ಕುಲುಕಲಿಲ್ಲ. ನನ್ನ ಮುಖವನ್ನೂ ನೋಡದೆ, ಶೂ ಕೈಯಲ್ಲಿ ಹಿಡಿದು ಹೊರಟುಹೋದಳು. ನಾನು ಕಪ್ ತೆಗೆದುಕೊಂಡು ಮನೆಗೆ ಬರುವಷ್ಟರಲ್ಲಿ ಬೀದಿಯೇ ತೀರ್ಪು ಕೊಟ್ಟಾಗಿತ್ತು: ಅಕ್ಕ ಬಿಟ್ಟುಕೊಟ್ಟಳು. ಇವರ ಬಾಯಿಗೆ ಬೀಗ ಹಾಕುವವರೇ ಇಲ್ಲ. ಅಮ್ಮನಂತೂ ಕಣ್ಣೊರೆಸಿಕೊಂಡು, "ನನ್ನ ದೊಡ್ಡ ಮಗಳು ಚಿನ್ನ ಕಣೇ. ತಂಗಿ ಆಸೆ ನೋಡಿ ಸುಮ್ಮನಾಗಿಬಿಟ್ಟಳು," ಎಂದಳು. ಗೆದ್ದವಳು ನಾನು, ಹೊಗಳಿಕೆ ಅವಳಿಗೆ. ಕೋಪ ನೆತ್ತಿಗೇರಿತು. ಅದಕ್ಕಿಂತ ಕೆಟ್ಟದ್ದೆಂದರೆ, ಅವರು ಹೇಳಿದ್ದು ನಿಜವೇ ಇರಬಹುದೆಂದು ನನಗೂ ಅನ್ನಿಸಿತು. ಕಪ್ಪನ್ನು ಹಳೆ ಟವೆಲಿನಲ್ಲಿ ಸುತ್ತಿ ಮಂಚದ ಕೆಳಗೆ ತಳ್ಳಿದೆ. ಹಲಗೆಯ ಮೇಲಿನ ಜಾಗ ಹಾಗೇ ಖಾಲಿ ಉಳಿಯಿತು.

ಮರುದಿನ ಲಾಂಡ್ರಿಯಲ್ಲಿ ನಾವಿಬ್ಬರೂ ಒಂದು ಬೆಡ್‌ಶೀಟಿನ ಎರಡು ತುದಿ ಹಿಡಿದು ಮಡಚುತ್ತಿದ್ದೆವು. ಅಲ್ಲಿಗೆ ಬಂದ ಸೂಪರ್‌ವೈಸರ್ ಹಲ್ಲು ಕಿರಿದು, "ಏನಮ್ಮಾ, ತಂಗಿಗೋಸ್ಕರ ಬಿಟ್ಟುಕೊಟ್ರಂತೆ? ದೊಡ್ಡ ಮನಸ್ಸು ಬಿಡಿ ನಿಮ್ಮದು," ಎಂದ.

"ಯಾರ್ರೀ ಹೇಳಿದ್ದು ನಿಮಗೆ?" ಎಂದು ಸಿಡುಕಿದ ಅಕ್ಕ ಉತ್ತರಕ್ಕೂ ಕಾಯದೆ ನನ್ನತ್ತ ತಿರುಗಿದಳು. "ನೀನೇನಂತೀಯ?"

"ಬಿಟ್ಟುಕೊಟ್ಯೋ ಇಲ್ವೋ, ನೀನೇ ಹೇಳು."

ಅವಳು ಬೆಡ್‌ಶೀಟ್ ಎಳೆದ ರಭಸಕ್ಕೆ ನಾನು ಮುಗ್ಗರಿಸಿ ಅವಳ ಮುಂದೆ ಹೋಗಿ ನಿಂತೆ. "ಜೀವ ಬಿಟ್ಟು ಓಡಿದೀನಿ ಕಣೇ ನಿನ್ನೆ. ಇವತ್ತು ಮೆಟ್ಟಿಲು ಹತ್ತೋಕಾಗ್ತಿಲ್ಲ. ನನ್ನ ಪಾಲಿನ ಊಟ ಕೇಳು, ಕೊಡ್ತೀನಿ. ಕಿಡ್ನಿ ಕೇಳು, ಕೊಡ್ತೀನಿ. ಓಟ ಕೊಡಲ್ಲ. ನಿನಗಿರಲಿ, ಹೆತ್ತ ಅಮ್ಮನಿಗೂ ಕೊಡಲ್ಲ. ಎಲ್ಲಿ ಆ ಕಪ್?"

"ಮಂಚದ ಕೆಳಗೆ."

"ನನ್ನನ್ನ ಸೋಲಿಸಿ ತಂದ ಕಪ್ಪನ್ನ ಮಂಚದ ಕೆಳಗೆ ಇಟ್ಟಿದೀಯಾ? ನಾನೇನು ಅಷ್ಟು ಅಗ್ಗವಾ?"

ಸೋತಾಗ ಅಳದವಳ ಕಣ್ಣು ಈಗ ತುಂಬಿತ್ತು. ಸೂಪರ್‌ವೈಸರ್ ಮೆಲ್ಲಗೆ ಜಾಗ ಖಾಲಿ ಮಾಡಿದ.

ಸಂಜೆ ಅವಳೇ ಮಂಚದ ಕೆಳಗೆ ತೂರಿ, ಕಪ್ ಹೊರಗೆಳೆದು, ತಾನು ಮಾಡಿಟ್ಟಿದ್ದ ಜಾಗದಲ್ಲೇ ತಂದು ಕುಕ್ಕಿದಳು. ಅಮ್ಮ ಏನೋ ಹೇಳಹೊರಟರೆ, "ನೀನು ಸುಮ್ನಿರಮ್ಮ. ಇನ್ನೊಂದ್ಸಲ ನನ್ನನ್ನ ಒಳ್ಳೆಯವಳು ಅಂದ್ರೆ ಸರಿಯಿರಲ್ಲ," ಎಂದು ಗದರಿದಳು.

ಈ ವರ್ಷ ಪಂದ್ಯದ ಬೆಳಿಗ್ಗೆ ಕಪ್‌ಗಳ ಸದ್ದಿಗೆ ನನಗೆ ಎಚ್ಚರವಾಯಿತು. ಅಕ್ಕ ನನ್ನ ಕಪ್ಪನ್ನು ಮೂಲೆಗೆ ನೂಕಿ, ನಟ್ಟನಡುವೆ ಜಾಗ ಮಾಡಿ ಒರೆಸುತ್ತಿದ್ದಳು. ಹಳೆಯ ಉರಿಯೆಲ್ಲ ಒಮ್ಮೆಲೇ ಎದ್ದಿತು. ನೇರ ಹೋಗಿ ಅವಳ ಕೈಯಿಂದ ಬಟ್ಟೆ ಕಿತ್ತುಕೊಂಡು ನಾನೇ ಒರೆಸತೊಡಗಿದೆ.

"ನೀನ್ಯಾಕೆ ಒರೆಸ್ತೀಯ?"

"ನನ್ನ ಕಪ್ ಇಡೋ ಜಾಗ. ನಾನೇ ಒರೆಸ್ಬೇಕು."

ಅಕ್ಕ ನನ್ನನ್ನು ಕೆಕ್ಕರಿಸಿ ನೋಡಿದಳು. ಆಮೇಲೆ ಬಾಗಿಲ ಬಳಿಯಿದ್ದ ನನ್ನ ಶೂಗಳನ್ನು ತಂದು ನನ್ನ ಕಾಲ ಬುಡಕ್ಕೆ ಎಸೆದಳು.

"ಸರಿಯಾಗಿ ಒರೆಸು ಮತ್ತೆ," ಎಂದಳು. "ಇಡೋಳು ನಾನು."