ಯಾರ ಕಡೆಯ ತಲೆನೋವು

ಚಿದಂಬರನಿಗೆ ತಲೆನೋವು ಬಂತೆಂದರೆ ನಾಸಿಕದ ಹತ್ತಿರದ ಓಝರಿನ ವಿಮಾನ ಕಾರ್ಖಾನೆಯ ಕಾಲೊನಿಯಲ್ಲಿ ಕಾಗೆಗಳು ಕೂಡ ತುದಿಗಾಲಲ್ಲಿ ನಡೆಯುತ್ತಿದ್ದವು. ಹೆಂಡತಿ ವಸುಧಾ ಅಂದು ಕುಕ್ಕರ್ ಇಡುತ್ತಿರಲಿಲ್ಲ. ಮಗಳು ಪ್ರಜ್ಞಾ ತುಟಿಯಲ್ಲೇ ಪಾಠ ಓದುತ್ತಿದ್ದಳು. ಮೇಲಿನ ಮನೆಯ ಮರಾಠಿ ಮುದುಕಿ ಕಾಶಿಬಾಯಿ ಶೇಂಗಾ ಕುಟ್ಟುವುದನ್ನು ನಾಳೆಗೆ ಹಾಕುತ್ತಿದ್ದಳು. ಮೊದಲು ಅವನ ಕಣ್ಣಂಚಿನಲ್ಲಿ ಗರಗಸದ ಹಲ್ಲಿನಂಥ ಬೆಳಕೊಂದು ಕುಣಿಯುತ್ತಿತ್ತು. ಅದು ಆರುವ ಹೊತ್ತಿಗೆ ಅರ್ಧ ತಲೆಯೊಳಗೆ ಇಡೀ ಕಾರ್ಖಾನೆ ಕೂಡಿ ರಿವೆಟ್ ಹೊಡೆಯಲು ಶುರು ಮಾಡುತ್ತಿತ್ತು. ಚಿದಂಬರನೂ ರಿವೆಟ್ ಹೊಡೆಯುವ ಟೆಕ್ನಿಶಿಯನ್ನೇ. ಆದರೆ ತಲೆಯೊಳಗಿನ ಇವರಿಗೆ ಊಟದ ಬಿಡುವೂ ಇರುತ್ತಿರಲಿಲ್ಲ.

ಈ ತಲೆನೋವಿನ ಬಗ್ಗೆ ಅವನಿಗೆ ಒಳಗೊಳಗೇ ಹೆಮ್ಮೆಯಿತ್ತು. ಗದಗಿನ ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಮೇಸ್ತ್ರಿಯಾಗಿದ್ದ ಅಪ್ಪನಿಗೂ ಇದೇ ಇತ್ತು, ಅಣ್ಣ ಭುಜಂಗನಿಗೂ ಇತ್ತು. ಅಪ್ಪ ತಲೆ ಹಿಡಿದು ಮಲಗಿದ ದಿನ ಓಣಿಯ ಮಂದಿ ಚಪ್ಪಲಿ ಕೈಯಲ್ಲಿ ಹಿಡಿದು ಹಾಯುತ್ತಿದ್ದರಂತೆ. ಬೀಗರು ಬಂದರೆ "ಇದು ನಮ್ಮ ಮನೆತನದ ತಲಿನೋವು" ಎಂದು, ಹೊಲದ ಎಕರೆ ಹೇಳಿದ ಹಾಗೆ ಹೇಳಿಕೊಳ್ಳುವ ರೂಢಿ. ಅದೇ ಅಪ್ಪ ಐವತ್ತೆರಡಕ್ಕೇ ಬಲಗಡೆ ಸ್ವಾಧೀನ ತಪ್ಪಿ, ಮಾತು ನಿಂತು ತೀರಿಕೊಂಡದ್ದನ್ನು ಮಾತ್ರ ಯಾರೂ ತಲೆನೋವಿನ ಜೊತೆ ಸೇರಿಸಿ ನೋಡಿರಲಿಲ್ಲ. ಅದಕ್ಕೆ ಕಾರಣ ತಣ್ಣೀರ ಸ್ನಾನ, ಇಲ್ಲವೆ ಮಿಲ್ಲಿನ ಸಾಹುಕಾರನ ಕೆಟ್ಟ ಕಣ್ಣು.

ಸೇರಿಸಿ ನೋಡಿದವರು ಔರಂಗಾಬಾದಿನ ಡಾಕ್ಟರು. ಈಗ ಛತ್ರಪತಿ ಸಂಭಾಜಿನಗರ ಎನ್ನಿಸಿಕೊಳ್ಳುವ ಆ ಊರಿನಲ್ಲಿ ಕೆಲಸಕ್ಕಿದ್ದ ಭುಜಂಗನಿಗೆ 2014ರಲ್ಲಿ, ನಲವತ್ತಾರರ ವಯಸ್ಸಿಗೇ, ಎರಡನೆಯ ಸಲ ಪಾರ್ಶ್ವವಾಯು ಬಡಿಯಿತು. ಸ್ಕ್ಯಾನ್ ಆಯಿತು, ರಕ್ತ ಎಲ್ಲೆಲ್ಲಿಗೋ ಹೋಗಿ ಬಂತು, ಕಡೆಗೆ ಕ್ಯಾಡಸಿಲ್ ಎಂಬ ಹೆಸರು ಸಿಕ್ಕಿತು. ಮಿದುಳಿನ ಸಣ್ಣ ರಕ್ತನಾಳಗಳು ನಿಧಾನಕ್ಕೆ ಕೆಡುವ ಅಪರೂಪದ ರೋಗ. ತಂದೆಗೋ ತಾಯಿಗೋ ಇದ್ದರೆ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಂಭವ. ವಾಸಿ ಮಾಡುವ ಮದ್ದಿಲ್ಲ. ಎಷ್ಟೋ ಜನರಿಗೆ ಮಿಕ್ಕ ಲಕ್ಷಣಗಳಿಗಿಂತ ವರ್ಷಗಟ್ಟಲೆ ಮೊದಲೇ, ಕಣ್ಣೆದುರು ಬೆಳಕು ಕುಣಿಸುವ ಅರೆತಲೆನೋವು ಬರುತ್ತದೆ.

ಕೊನೆಯ ಮಾತು ಕೇಳಿದ್ದೇ ತಡ, ಚಿದಂಬರ ತನ್ನ ಕಣ್ಣಂಚಿನ ಬೆಳಕನ್ನು ನೆನೆದ. ಪರೀಕ್ಷೆ ಏಕೆ ಬೇಕು? ತನಗೂ ಅದೇ ಎಂದು ಅವನೇ ತೀರ್ಪು ಕೊಟ್ಟುಕೊಂಡ. ಅಂದೇ ಸಿಗರೇಟು ಬಿಟ್ಟ, ಅದು ಒಳ್ಳೆಯದೇ ಆಯಿತು. ಆದರೆ ಅಪ್ಪನ ಹಾಗೆ ಬಲಗೈ ಹೋದರೆ ಇರಲಿ ಎಂದು ಎಡಗೈಯಲ್ಲಿ ಉಣ್ಣುವುದು, ಸಹಿ ಹಾಕುವುದು, ಗಡ್ಡ ಹೆರೆಯುವುದು ಶುರುವಾಯಿತು. ಗಡ್ಡ ಹೆರೆದ ದಿನ ಅವನ ಮುಖ ನೋಡಿದರೆ ಪಾಣಿಪತದಿಂದ ಈಗಷ್ಟೇ ನಡೆದು ಬಂದ ಹಾಗಿರುತ್ತಿತ್ತು. ಮಾತು ಹೋದರೆ ಇರಲಿ ಎಂದು ಭಾನುವಾರ ಮೌನ ಬೇರೆ. ಅದೊಂದು ವಸುಧಾಳಿಗೂ ಒಪ್ಪಿಗೆಯಿತ್ತು.

"ಏನೋ ಚಿದಂಬ್ರ, ಬಲಗೈ ಬಾಡಿಗಿಗೆ ಕೊಟ್ಟೀಯೇನು?" ಎಂದು ಕ್ಯಾಂಟೀನಿನಲ್ಲಿ ವಿಜಾಪುರದ ನಿಂಗಣ್ಣ ಕೇಳಿದ. ಚಿದಂಬರನ ಎಡಗೈಯ ಚಮಚದಿಂದ ಸಾರು ನಿಂಗಣ್ಣನ ಅಂಗಿಯ ಮೇಲೆಯೇ ಹಾರಿ ಉತ್ತರ ಕೊಟ್ಟಿತು.

ಕಡೆಗೆ ವಸುಧಾ ಅವನನ್ನು ಎದುರಿಗೆ ಕುಳ್ಳಿರಿಸಿಕೊಂಡಳು. "ರೀ, ನಾಸಿಕಕ್ಕ ಹೋಗಿ ಪರೀಕ್ಷಾ ಮಾಡಿಸ್ಕೋರಿ."

"ಮಾಡಿಸಿ ಏನ್ ಮಾಡೋದೈತಿ? ಔಷಧಾನ ಇಲ್ಲಂತ."

"ಅದು ನಿಮಗ ಇಲ್ಲಂತ ಬಂದ್ರ?"

ಈ ಸಾಧ್ಯತೆಯನ್ನು ಅವನು ಯೋಚಿಸಿಯೇ ಇರಲಿಲ್ಲ.

"ನಿಮಗ ಇಲ್ಲಂದ್ರ ಪ್ರಜ್ಞಾಗೂ ಇಲ್ಲ. ಅದನ್ನರ ತಿಳ್ಕೊಳ್ರಿ. ಎಡಗೈ ಸಾರು ಒರಿಸಿ ಒರಿಸಿ ನನ್ನ ಬಲಗೈ ಬೀಳೋದು ಬಾಕಿ ಐತಿ."

ನಾಸಿಕದ ಡಾಕ್ಟರಮ್ಮ ಮೊದಲು ಕೇಳಿದ್ದು, "ನಿಜವಾಗಿಯೂ ತಿಳಿಯಬೇಕೆ? ತಿಳಿದ ಮೇಲೆ ಮರೆಯಲಾಗುವುದಿಲ್ಲ" ಎಂದು. ಬೇಕು ಎಂದ. ಅಣ್ಣನಲ್ಲಿ ಸಿಕ್ಕ ದೋಷ ಯಾವುದೆಂದು ಗೊತ್ತಿದ್ದುದರಿಂದ ಇವನ ರಕ್ತದಲ್ಲಿ ಅದೊಂದನ್ನೇ ಹುಡುಕಿದರಾಯಿತು. ರಕ್ತ ಹೋಯಿತು. ಆ ಕಾಯುವ ವಾರಗಳಲ್ಲಿ ಗೋದಾವರಿ ತಾನು ಹುಟ್ಟಿದ ತ್ರ್ಯಂಬಕದ ಬೆಟ್ಟಕ್ಕೆ ಹಿಂದಿರುಗಿ ಹೋಗಿತ್ತೆಂದು ಚಿದಂಬರ ಇವತ್ತಿಗೂ ಆಣೆ ಮಾಡುತ್ತಾನೆ.

"ನಿಮ್ಮಲ್ಲಿ ಆ ದೋಷ ಇಲ್ಲ" ಎಂದರು ಡಾಕ್ಟರಮ್ಮ.

ಅವನಿಗೆ ನಂಬಿಕೆ ಬರಲಿಲ್ಲ. "ಮತ್ತೆ ನನ್ನ ತಲೆನೋವು?"

"ಅದು ಬರೀ ಮೈಗ್ರೇನ್. ಕೋಟಿಗಟ್ಟಲೆ ಜನಕ್ಕಿದೆ."

"ಡಾಕ್ಟರೇ, ಅದು ನಮ್ಮ ತಂದೆಯದು!"

"ತಾಯಿಯದೂ ಇರಬಹುದು. ಅವರನ್ನು ಕೇಳಿದ್ದೀರಾ?"

ಕೇಳಿರಲಿಲ್ಲ. ಇಷ್ಟು ವರ್ಷಗಳಲ್ಲಿ ಯಾರೂ ಕೇಳಿರಲಿಲ್ಲ. ಹೊರಗೆ ಬಂದು ಗಂಡಹೆಂಡಿರು ಮಿಸಳ್ ತಿಂದರು. ಚಿದಂಬರನ ಕಣ್ಣಲ್ಲಿ ಧಾರಾಕಾರ ನೀರು. "ಖಾರ ಭಾಳ ಹಾಕ್ಯಾರ" ಎಂದ. ವಸುಧಾ ತಾನೂ ಕಣ್ಣೊರೆಸಿಕೊಂಡು, "ಹೌದು, ಭಾಳ ಖಾರ" ಎಂದಳು.

ಇನ್ನು ಉಳಿದದ್ದು ಅಣ್ಣನಿಗೆ ಹೇಳುವುದು. ವಸುಧಾಳೊಡನೆ ಹತ್ತಿದ ಔರಂಗಾಬಾದಿನ ಬಸ್ಸು ವೈಜಾಪುರ ದಾಟುವವರೆಗೂ ಚಿದಂಬರ ಮಾತು ಜೋಡಿಸುತ್ತಲೇ ಇದ್ದ. ರೋಗ ಬಂದವನಿಗೆ, ತಾನು ತಪ್ಪಿಸಿಕೊಂಡೆ ಎಂದು ಯಾವ ಬಾಯಲ್ಲಿ ಹೇಳುವುದು? ಅಷ್ಟು ಜೋಡಿಸಿದ್ದೂ ದಂಡ. ಹೊಸ್ತಿಲು ದಾಟುವಾಗಲೇ ಭುಜಂಗ ಕುರ್ಚಿಯಲ್ಲಿ ಕುಳಿತಲ್ಲಿಂದ ತಮ್ಮನ ಮುಖ ಓದಿಬಿಟ್ಟ.

"ಇಲ್ಲಂತ... ಹೌದಲ್ಲೋ?" ಅವನ ಮಾತು ಒಂದೊಂದೇ ಮೆಟ್ಟಿಲು ಇಳಿದು ಬರುತ್ತಿತ್ತು.

"ಹೂಂ, ಅಣ್ಣ."

"ಹಂಗಾದ್ರ ಅಪ್ಪನ ಆಸ್ತಿ... ಪೂರ್ತಿ ನಂದ. ನಾಳೆ ಬಂದು... ಪಾಲು ಕೇಳಬ್ಯಾಡ ಮತ್ತ."

ಇಬ್ಬರೂ ನಕ್ಕರು. ನಗು ಮುಗಿದ ಮೇಲೂ ಭುಜಂಗ ತಮ್ಮನ ಕೈ ಬಿಡಲಿಲ್ಲ. ಭುಜಂಗನ ಮಗ ದಿಗಂತ್ ಇನ್ನೂ ಒಂಬತ್ತನೆಯ ಇಯತ್ತೆಯ ಹುಡುಗ. ಪರೀಕ್ಷೆ ಬೇಕೋ ಬೇಡವೋ ಎನ್ನುವುದನ್ನು ದೊಡ್ಡವನಾದ ಮೇಲೆ ಅವನೇ ಹೇಳಲಿ ಎಂದಿದ್ದ ಭುಜಂಗ. "ಒಬ್ಬನರ ಪಾರಾದ್ಯಲ್ಲ... ಸಾಕು" ಎಂದ.

ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು. ಚಿದಂಬರ ಒಳಗೆ ಹೋದ. ಭುಜಂಗನ ಜೊತೆಯೇ ಇದ್ದ ತಾಯಿ ಅನಸೂಯ ಹಣೆಗೆ ಒದ್ದೆ ಬಟ್ಟೆ ಬಿಗಿದುಕೊಂಡು, ಒಂದು ಕಣ್ಣು ಮುಚ್ಚಿ ಕೆಲಸ ನಡೆಸಿದ್ದಳು. ಆ ಬಟ್ಟೆಯನ್ನು ಅವನು ಹುಟ್ಟಿದಂದಿನಿಂದ ನೋಡಿದ್ದ. ಬೆವರಿಗೆ ಕಟ್ಟುತ್ತಾಳೆ ಎಂದುಕೊಂಡಿದ್ದ.

"ಅವ್ವಾ, ನಿನಗೂ ತಲಿ ನೋಯ್ತೈತೇನು?"

"ನೋಯ್ತೈತಪ್ಪ. ಮುಂಜಾನಿಂದ ಕಣ್ಮುಂದ ಅಡ್ಡಾದಿಡ್ಡಿ ಮಿಂಚು ಬ್ಯಾರೆ."

"ಎಂದಿನಿಂದ?"

"ಲಗ್ನಕ್ಕಿಂತ ಮೊದಲಿಂದ."

"ಇಷ್ಟು ವರ್ಷ ಯಾಕ ಹೇಳಲಿಲ್ಲ?"

"ಎಂದ ಹೇಳಲೋ? ತಲಿನೋವಿಗಂತ ಮನ್ಯಾಗ ಇದ್ದದ್ದು ಒಂದ ಹಾಸಿಗಿ. ಅದರ ಮ್ಯಾಲ ನಿಮ್ಮಪ್ಪ."

ಚಿದಂಬರ ಅವಳನ್ನು ತೋಳು ಹಿಡಿದು ಎಬ್ಬಿಸಿ, ಒಳಕೋಣೆಯಲ್ಲಿ ಮಲಗಿಸಿ, ಕಿಟಕಿಗೆ ಚಾದರ ಇಳಿಬಿಟ್ಟ. ಬಂದು ತಾನೇ ಒಲೆಯ ಮುಂದೆ ಕುಳಿತ. ವಸುಧಾ ಸಹಾಯಕ್ಕೆ ಬಂದವಳು ಅವನ ಅವತಾರ ನೋಡಿ ಬಾಗಿಲಿಗೆ ಒರಗಿ ನಗುತ್ತ ನಿಂತಳು. ಹೊಸ ಹಿಟ್ಟು ನಾದಿ ಬಡಿದ ಮೊದಲ ರೊಟ್ಟಿ ಕೈಯಲ್ಲೇ ನಾಲ್ಕು ರಾಜ್ಯಗಳಾಗಿ ಒಡೆಯಿತು.

ಬಡಿದ ಸದ್ದಿನಲ್ಲೇ ವಿಷಯ ತಿಳಿದ ಅನಸೂಯಳ ದನಿ ಕತ್ತಲ ಕೋಣೆಯಿಂದ ಬಂತು. "ನೀರು ಕುದಿಯೋಕಿಂತ ಮೊದಲ ಹಿಟ್ಟು ಹಾಕೀ ನೀನು! ಬಿಡು, ನಾನ ಬರ್ತೇನಿ."

"ನೀ ಏಳಬ್ಯಾಡವ್ವ, ಒಡೆದದ್ದನ್ನ ನಾವ ತಿಂತೇವಿ" ಎಂದು ಕೂಗಿ, ಚಿದಂಬರ ಒಲೆಯ ಮೇಲೆ ಮತ್ತೆ ನೀರಿಟ್ಟ.