ಕೌದಿ ಹೊದ್ದ ವೈನ್ ಕೂಲರ್

ಮಸ್ಕಿಯ ಬೀಗರ ಮನೆಯಲ್ಲಿ ಒಂದು ವೈನ್ ಕೂಲರ್ ಇತ್ತು. ಹಾಗಾಗಿ ಸಿಂಧನೂರಿನ ನಮ್ಮ ಹೊಸ ಮನೆಗೂ ಒಂದು ಬಂತು. ಸೊಂಟದೆತ್ತರದ ಕರಿ ಪೆಟ್ಟಿಗೆ, ಗಾಜಿನ ಬಾಗಿಲು, ಒಳಗೆ ನೀಲಿ ದೀಪ. ಜೊತೆಗೆ ಬಂದ ಪುಸ್ತಿಕೆಯನ್ನು ಬಿಚ್ಚಿ ಓದಿದವಳು ನಾನೊಬ್ಬಳೇ. ಓದದೆ ಯಾವುದನ್ನೂ ಮುಟ್ಟಬಾರದೆಂಬುದು ಕಾನ್ವೆಂಟಿನ ಸಿಸ್ಟರ್‌ಗಳು ಹಚ್ಚಿದ ಚಾಳಿ. ಹನ್ನೆರಡು ಡಿಗ್ರಿಗೆ ಇಟ್ಟರೆ ಬಾಟಲಿಗಳಿಗೆ ಸಾಕು, ಇನ್ನೂ ಇಳಿಸಿದರೆ ಕರೆಂಟು ದಂಡ. ಬಿಸಿಗಾಳಿ ಹೊರಹೋಗಲು ಹಿಂದೆ ಗೇಣು ಜಾಗ ಬೇಕು. ಹಾಗೇ ಇಟ್ಟೆ.

ಯಜಮಾನರು ಐದಕ್ಕೆ ಇಳಿಸಿದರು. ತಂಪು ಹೆಚ್ಚಾದಷ್ಟೂ ಒಳ್ಳೆಯದಂತೆ. ನಾನು ಏರಿಸುವುದು, ಅವರು ಇಳಿಸುವುದು. ಅದನ್ನಾದರೂ ಸಹಿಸಬಹುದಿತ್ತು. ಸಹಿಸಲಾಗದ್ದು ಕೌದಿ.

ನಮ್ಮದು ಲಿಂಗ ಕಟ್ಟಿಕೊಂಡ ಮನೆತನ, ಹೆಂಡ ಹೊಸ್ತಿಲು ದಾಟುವಂತಿಲ್ಲ. ಸೋಮವಾರ ಅಯ್ಯನವರು ಬರುತ್ತಾರೆ; ಅತ್ತೆ ಅವರ ಪಾದಪೂಜೆ ಮಾಡಿದ ಮೇಲೆಯೇ ನಮಗೆ ಊಟ. ಅವರು ಕೂರುವುದು ಆ ಪೆಟ್ಟಿಗೆಯಿರುವ ಪಡಸಾಲೆಯಲ್ಲೇ. ಅದಕ್ಕೇ ಭಾನುವಾರ ಸಂಜೆಯೇ ಯಜಮಾನರು ಪೆಟ್ಟಿಗೆಯನ್ನು ಗೋಡೆಗೆ ಒತ್ತಿ, ಹಳೆ ಸೀರೆಗಳನ್ನು ಕೂಡಿಸಿ ಹೊಲಿದ ದಪ್ಪ ಕೌದಿಯನ್ನು ಹೊದಿಸುತ್ತಿದ್ದರು. ಆರಿಸುವಂತಿಲ್ಲ, ವೈನ್ ಕೆಡುತ್ತದಲ್ಲ. ಅತ್ತೆಗೆ ಒಳಗೇನಿದೆಯೆಂದು ಗೊತ್ತು. ಗೊತ್ತಿಲ್ಲದವರಂತೆ ಹಾಯ್ದು ಹೋಗುತ್ತಿದ್ದರು. ನಮ್ಮ ಕಡೆಯ ಬೇಸಿಗೆಯಲ್ಲಿ, ಐದು ಡಿಗ್ರಿಗೆ, ಕೌದಿಯೊಳಗೆ ಆ ಮೋಟಾರು ಬಿಡುವಿಲ್ಲದೆ ಗೊರಗುಟ್ಟುತ್ತಿತ್ತು.

ಒಂದು ಸೋಮವಾರ ಪೂಜೆಯಾದ ಮೇಲೆ ಕೌದಿ ತೆಗೆದರೆ ಬಾಟಲಿಗಳು ಬೆಚ್ಚಗಿದ್ದವು. ಯಜಮಾನರು ಬೀಗರಿಗೆ ಫೋನು ಹಚ್ಚಿ, ಅಡುಗೆಮನೆಯಲ್ಲಿದ್ದ ನನಗೆ ಕೇಳುವಂತೆಯೇ, "ಇಕಿ ದಿನಾ ಬಟನ್ ಒತ್ತಿ ಒತ್ತಿ ಕೆಡಿಸ್ಯಾಳ. ಇಂಗ್ಲಿಷ್ ಸಾಲಿ ಕಲ್ತಾಕಿ, ನೋಡ್ರಿ" ಎಂದು ನಕ್ಕರು. ಸುದ್ದಿ ಲಿಂಗಸುಗೂರಿನ ನನ್ನ ತವರಿಗೂ ಮುಟ್ಟಿತು. ಗಂಡಸರ ಸಾಮಾನು ಯಾಕೆ ಮುಟ್ಟಲು ಹೋದಿ ಎಂದು ಅಮ್ಮನೂ ನನ್ನನ್ನೇ ಕೇಳಿದಳು. ಇಷ್ಟು ವರ್ಷದ ಸಂಸಾರದಲ್ಲಿ ಒಂದು ಮಿಕ್ಸಿಯನ್ನೂ ಸುಡದವಳು ನಾನು. ಸಿಟ್ಟಿಗೆ ಅಂದು ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ನೆನಪಾಗದೆ ಮತ್ತೊಮ್ಮೆ ಹಾಕಿದೆ. ಎಲ್ಲರೂ ಅನ್ನ ಹೆಚ್ಚು ಕಲಸಿಕೊಂಡು ಉಂಡರು.

ಊಟವಾದ ಮೇಲೆ ಪೆಟ್ಟಿಗೆಯನ್ನು ಗೋಡೆಯಿಂದ ಈಚೆ ಎಳೆದು, ತುಸು ಹೊತ್ತು ಆರಿಸಿಟ್ಟು, ಹನ್ನೆರಡಕ್ಕೆ ಹಚ್ಚಿದೆ. ಮರುದಿನಕ್ಕೆ ಬಾಟಲಿಗಳು ತಣ್ಣಗಿದ್ದವು, ಮೋಟಾರಿನ ಗೊರಗೂ ಇಲ್ಲ. ಕೆಟ್ಟಿರಲೇ ಇಲ್ಲ ಅದು. ಇದನ್ನು ಹೇಳಲು ಯಜಮಾನರು ಯಾರಿಗೂ ಫೋನು ಹಚ್ಚಲಿಲ್ಲ.

ಮುಂದಿನ ಸೋಮವಾರಕ್ಕೆ ಅವರು ಕೌದಿ ಹುಡುಕುವಾಗ ಅದನ್ನು ಒಗೆದು ಮಾಳಿಗೆಯ ಮೇಲೆ ಹರವಿದ್ದೆ. ಅಷ್ಟರಲ್ಲಿ ಅಯ್ಯನವರು ಬಂದು ಕೂತರು. ನೀಲಿ ದೀಪ ಕಣ್ಣಿಗೆ ಬೀಳದೆ ಇರುತ್ತದೆಯೇ?

"ಏನವ್ವಾ ಅದು, ದೀಪ ಹತ್ತೈತಲ್ಲ?"

"ಔಷಧಿ ಇಡೂದ್ರಿ ಅಜ್ಜಾರ," ಎಂದರು ಯಜಮಾನರು.

ಅತ್ತೆಯ ಕೈಯ ತಂಬಿಗೆ ಅಲ್ಲೇ ನಿಂತಿತು. ನಾನು ದನಿ ಏರಿಸದೆ ಹೇಳಿದೆ.

"ಅಲ್ರಿ ಅಜ್ಜಾರ, ಇವ್ರ ವೈನ್ ಇಡೂದು. ಹನ್ನೆರಡಕ್ಕ ಇಟ್ಟೀನಿ. ನಿಮಗ ಕಾಣಬಾರ್ದಂತ ಕೌದಿ ಹೊಚ್ಚತಿದ್ರು, ಅದಕ್ಕ ತಂಪ ಆಗಿರಲಿಲ್ಲ. ನಾ ಕೆಡಿಸಿಲ್ರಿ."

ಅಯ್ಯನವರು ಯಜಮಾನರನ್ನೊಮ್ಮೆ ನೋಡಿ ಪಾದ ಮುಂದೆ ಚಾಚಿದರು. ಅತ್ತೆ ನೀರು ಹಾಕಿದರು. ಯಜಮಾನರು ಅಂದಿನಿಂದ ಆ ಬಟನ್ ಮುಟ್ಟಿಲ್ಲ.