ಚಂದ್ರಕಲಾಬಾಯಿಯ ಭಟ್ಟಿ ಪದ

ದಸರಾ ಮುಗಿದು ಥಂಡಿ ಗಾಳಿ ಬಿಟ್ಟರೆ ಸಾಕು, ಶಹಾಬಾದಿನ ಚಂದ್ರಕಲಾಬಾಯಿ ಟ್ರಂಕಿನಿಂದ ಅತ್ತೆಯ ಹಳೇ ಇಳಕಲ್ ಸೀರೆ ತೆಗೆದು ಉಡುತ್ತಾಳೆ. ದೀಪಾವಳಿಯ ನಾನಖಟಾಯಿ ಬಿಸ್ಕೀಟಿಗೆ ಮನೆಯಲ್ಲೇ ಹಿಟ್ಟು ನಾದಿ, ಅಬ್ದುಲ್ ಮಜೀದನ ಬೇಕರಿ ಭಟ್ಟಿಗೆ ಒಯ್ಯುತ್ತಾಳೆ. ಆಕೆಗೆ ಗಡಿಯಾರ ಬೇಡ. ಭಟ್ಟಿ ಮುಂದೆ ಕುಂತು ಒಂದು ಭಜನೆ ಪದ ಹಾಡುತ್ತಾಳೆ. ಪದ ಮುಗಿದರೆ ನಾನಖಟಾಯಿ ಬೆಂದಂತೆ; ಅದು ಮುಗಿಯುವ ತನಕ ಭಟ್ಟಿಯೊಳಗಿನ ತಟ್ಟೆಗೆ ಯಾರೂ ಕೈ ಹಚ್ಚುವಂತಿಲ್ಲ.

ಈ ಸಲ ಸರದಿಗೆ ಕಾದಿದ್ದ ಹೆಂಗಸರೆಲ್ಲ ದನಿಗೂಡಿಸಿದರು. ಚಂದ್ರಕಲಾಬಾಯಿಗೆ ಹುರುಪು ಬಂತು. ಕೊನೆಯ ನುಡಿಯನ್ನು ಮತ್ತೆ ಮತ್ತೆ ಎತ್ತಿದಳು.

"ಅಕ್ಕಾರ, ಸೀದು ಹೊಂಟಾವ್ರಿ!" ಮಜೀದ ಒದರಿದ.

ಕೈ ಎತ್ತಿ ಅವನನ್ನು ತಡೆದು, ಪದ ಪೂರಾ ಮುಗಿಸಿದಳು. ಆಮೇಲೆ ಕರ್ರಗಾದ ನಾನಖಟಾಯಿಯೊಂದನ್ನು ಕಟುಮ್ಮನೆ ಕಡಿದಳು.

"ಸೀದ್ರ ಸೀಯ್ಲಿ ಬಿಡ್ರಿ ಮಜೀದಭಾಯಿ. ಪದಾ ಹಸಿ ಉಳೀಲಿಲ್ಲಲ್ಲ?"